ಖಾಲಿ ಬಿಡಬಾರದ ಕಿಟಕಿ

ಕಾಗದ ಡಬ್ಬಿಗೆ ಹಾಕುವ ಮೊದಲೇ ಅದರ ಉತ್ತರ ಕೈಗೆ ಸಿಕ್ಕರೆ ಹೇಗಿರುತ್ತದೆ? ಇಂಥ ಪ್ರಶ್ನೆ ಊಟವಾದ ಮೇಲೆ ಎಲೆಅಡಿಕೆ ಹಾಕಿಕೊಂಡು ಹರಟುವವರಿಗೆ ಹೊಳೆಯುತ್ತದೆ, ಎಲೆಅಡಿಕೆ ಮುಗಿಯುವುದರೊಳಗೆ ಮರೆತೂ ಹೋಗುತ್ತದೆ. ಹುಬ್ಬಳ್ಳಿಯ ಶ್ರೀಪಾದ ಕಟ್ಟಿಯವರು ಮಾತ್ರ ಮರೆಯಲಿಲ್ಲ. ಹಳೆಯ ಅರಳೆ ಗೋದಾಮೊಂದನ್ನು ಬಾಡಿಗೆಗೆ ಹಿಡಿದು, ಹತ್ತು ಹನ್ನೆರಡು ಜನರನ್ನು ಕಂಪ್ಯೂಟರುಗಳ ಮುಂದೆ ಕೂರಿಸಿ, ಆ ಪ್ರಶ್ನೆಯನ್ನು ಯಂತ್ರದ ಕೈಗೆ ಕೊಟ್ಟರು. ಕೊಡದೇ ಇದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಇರದಿದ್ದರೇ ಚೆನ್ನಾಗಿತ್ತು.

ಯಂತ್ರ ಎಂದರೆ ದೊಡ್ಡದೇನಲ್ಲ. ಆಫೀಸಿನ ಕಂಪ್ಯೂಟರುಗಳಲ್ಲಿ ಎಲ್ಲರೂ ಬಳಸುವ ಈಮೇಲ್ ಪ್ರೋಗ್ರಾಮ್ ಇದೆಯಲ್ಲ, ಅದರ ಬಲಗಡೆಗೆ ಹೊರಗಿನವರು ತಮ್ಮದೊಂದು ಪುಟ್ಟ ಕಿಟಕಿಯನ್ನು ಕೂಡಿಸಬಹುದು. ಅದಕ್ಕೆ ಆಡ್-ಇನ್ ಎನ್ನುತ್ತಾರೆ. ಮನೆ ಅವರದು, ಗೋಡೆ ಅವರದು, ಕಿಟಕಿಯಷ್ಟು ಜಾಗ ನಮ್ಮದು. ಕಟ್ಟಿಯವರು ಕೂಡಿಸಿದ ಕಿಟಕಿಯ ಹೆಸರು ‘ಮುನ್ನುತ್ತರ’. ನೀವು ಯಾರಿಗೋ ಮೇಲ್ ಬರೆಯಲು ಕೂತಿರಿ ಎನ್ನಿ. ಆ ವ್ಯಕ್ತಿ ಹಿಂದೆ ನಿಮಗೆ ಬರೆದದ್ದನ್ನೆಲ್ಲ ಅದು ಓದಿಕೊಳ್ಳುತ್ತದೆ. ಅವರ ಮಾತಿನ ಧಾಟಿ ಯಾವುದು, ಎಲ್ಲಿ ಸಿಟ್ಟಾಗುತ್ತಾರೆ, ಎಲ್ಲಿ ಕರಗುತ್ತಾರೆ ಎಂದು ಕಲಿಯುತ್ತದೆ. ನೀವು ಕಳಿಸುವ ಗುಂಡಿ ಒತ್ತುವ ಮೊದಲೇ ಅವರಿಂದ ಬರಬಹುದಾದ ಉತ್ತರವನ್ನು ಪಕ್ಕದಲ್ಲಿ ಬರೆದು ತೋರಿಸುತ್ತದೆ.

ಆ ಕಿಟಕಿಯ ರೂಪ ತಿದ್ದುವ ಕೆಲಸ ವಿಶಾಲಾಕ್ಷಿ ಹೂಗಾರಳದು. ಅಕ್ಷರ ಎಷ್ಟು ದಪ್ಪ ಇರಬೇಕು, ಬಣ್ಣ ಯಾವುದು, ಮುಚ್ಚುವ ಗುರುತು ಯಾವ ಮೂಲೆಯಲ್ಲಿ ಎಂಬುದೆಲ್ಲ ಅವಳ ಪಾಲಿಗೆ. ಬೆರಳುದ್ದದ ಜಾಗದಲ್ಲಿ ಸಂಸಾರ ಹೂಡುವ ಕೆಲಸ ಅದು, ಮತ್ತು ಅವಳು ಅದರಲ್ಲಿ ಪಳಗಿದ್ದಳು. ಅಂಥವಳಿಗೂ ಒಂದು ಪ್ರಶ್ನೆ ತಲೆನೋವಾಯಿತು. ಎದುರಿನವರು ಹಿಂದೆ ಮೇಲ್ ಬರೆದದ್ದೇ ಅಪರೂಪವಾಗಿದ್ದರೆ ಯಂತ್ರಕ್ಕೆ ಕಲಿಯಲು ಏನೂ ಇರುವುದಿಲ್ಲ. ಆಗ ಕಿಟಕಿಯಲ್ಲಿ ಏನು ಕಾಣಬೇಕು?

“ಗೊತ್ತಿಲ್ಲ ಅಂದ್ರ ಗೊತ್ತಿಲ್ಲ ಅಂತ ಬರಿಯೂಣ್ರಿ ಅಕ್ಕಾರ,” ಎಂದ ಇರ್ಫಾನ್ ಸವಣೂರ. ಯಂತ್ರದ ಒಳಗಿನ ಲೆಕ್ಕಾಚಾರವೆಲ್ಲ ಅವನದು. “ಅದರಾಗ ನಾಚಿಕಿ ಏನೈತಿ?”

“ಖಾಲಿ ಕಿಟಕಿ ನೋಡಿದ್ರ ಮಂದಿ ಏನಂತಾರ ಗೊತ್ತೈತೇನು?” ವಿಶಾಲಾಕ್ಷಿ ಬಿಡಲಿಲ್ಲ. “ಕೆಟ್ಟು ನಿಂತೈತಿ ಅಂತಾರ. ಮೂಲ್ಯಾಗ ಒತ್ತಿ ಮುಚ್ಚತಾರ. ಮತ್ತ ಈ ಕಡೆ ಹೊಳ್ಳಿ ನೋಡಂಗಿಲ್ಲ. ಏನರೆ ಒಂದು ಕಾಣಬೇಕು. ಮಾದರಿ ಉತ್ತರ ತೋರಸೂಣು, ತಳಕ್ಕ ‘ಇದು ಮಾದರಿ ಮಾತ್ರ’ ಅಂತ ಸಣ್ಣಗ ಬರಿಯೂಣು.”

“ವಿಶಾಲಾಕ್ಷಿ ಹೇಳೋದು ಖರೆ ಅದ,” ಎಂದು ಕಟ್ಟಿಯವರು ಮೇಜು ತಟ್ಟಿದರು. “ಕಿಟಕಿ ಖಾಲಿ ಬಿಡಬಾರದು. ಮತ್ತ ಒಂದು ಮಾತು. ಯಾರರೆ ಕ್ಷಮಾ ಕೇಳಲಿಕ್ಕೆ ಬರೀತಿದ್ರ ಬಿರುಸಿನ ಮಾದರೀನ ತೋರಸ್ರಿ. ಅಂಜಿದ ಮನಷ್ಯಾ ಕಿಟಕಿ ಮುಚ್ಚಂಗಿಲ್ಲ.”

ಎಲ್ಲರೂ ನಕ್ಕರು. ವಿಶಾಲಾಕ್ಷಿಯೂ ನಕ್ಕಳು. ಗೆದ್ದ ಖುಷಿ ಅವಳಿಗೆ.

ಮಾದರಿ ಉತ್ತರಗಳನ್ನು ಬರೆಯುವ ಕೆಲಸವೂ ಅವಳ ಕೊರಳಿಗೇ ಬಿತ್ತು. ಈ ಕೆಲಸದವರದೊಂದು ರೂಢಿ ಇದೆ. ಕಿಟಕಿಯ ಚಿತ್ರ ಬರೆಯುವಾಗ ಅದರೊಳಗೆ ಏನಾದರೂ ಮಾತು ತುಂಬಬೇಕಲ್ಲ, ಆಗ ಕೈಗೆ ಸಿಕ್ಕಿದ ಮಾತನ್ನು ತುಂಬುತ್ತಾರೆ. ಗಂಡನ ಹೆಸರು, ಮಗಳ ಶಾಲೆ, ನೆರೆಮನೆಯವರ ತಕರಾರು, ಎಲ್ಲ ಬರುತ್ತದೆ. ನಿಜದ ಮಾತು ತುಂಬಿದರೆ ಕಿಟಕಿಗೆ ಜೀವ ಬರುತ್ತದೆ ಎನ್ನುವುದು ಅವರ ನಂಬಿಕೆ. ವಿಶಾಲಾಕ್ಷಿ ಮೆತ್ತನೆಯವು, ಸಾಧಾರಣದವು, ಬಿರುಸಿನವು ಎಂದು ಒಂದು ರಾಶಿ ಬರೆದಳು. ಬಿರುಸಿನವಕ್ಕೆ ಅವಳು ದೂರ ಹೋಗಬೇಕಾಗಲಿಲ್ಲ. ಅಕ್ಕನ ಬಾಯಿ ಇತ್ತಲ್ಲ.

ಅಕ್ಕ ಎಂದರೆ ನೀಲಗಂಗಾ. ಗದಗಿನ ಬೀಜ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ, ಒದ್ದೆ ಕಾಗದದ ಸುರುಳಿಯಲ್ಲಿಟ್ಟ ಬೀಜಗಳಲ್ಲಿ ಎಷ್ಟು ಮೊಳೆತವು, ಎಷ್ಟು ಸತ್ತವು ಎಂದು ನೋಡುವುದು. ಮದುವೆಯಾಗಿ ವರ್ಷ ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಅವ್ವನ ಜೊತೆಗೇ ಉಳಿದಳು. ವಿಶಾಲಾಕ್ಷಿಯನ್ನು ಬೆಳೆಸಿದ್ದು ಅವ್ವನಿಗಿಂತ ಹೆಚ್ಚು ಅವಳೇ. ಅಕ್ಕ ರೊಟ್ಟಿ ಬಡಿಯುವಾಗ ತಂಗಿ ಬಗಲಲ್ಲಿ ಕೂತು ಹಿಟ್ಟಿನಲ್ಲಿ ಕೈ ಹಾಕುವಳು, ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುವಳು. ಆಗ ಅಕ್ಕ, “ನಿನ್ನ ಕೆಲಸಾ ನೀ ನೋಡ್ಕೋ ಹೋಗ, ನನ್ನ ತಲಿ ತಿನಬ್ಯಾಡ,” ಎಂದು ಗದರಿ, ಅದೇ ಕೈಯಿಂದ ಬೆಲ್ಲದ ಚೂರೊಂದನ್ನು ಬಾಯಿಗೆ ಇಡುವಳು. ತಂಗಿ ದೊಡ್ಡವಳಾಗಿ, ಮದುವೆಯಾಗಿ, ಕನ್ನಡಕ ಹಾಕಿದ ಮೇಲೂ ಫೋನಿನಲ್ಲಿ ಅದೇ ಗದರಿಕೆ. ಬೆಲ್ಲ ಮಾತ್ರ ಇರುತ್ತಿರಲಿಲ್ಲ, ಅದರ ಬದಲು ನಗು ಇರುತ್ತಿತ್ತು.

ವಿಶಾಲಾಕ್ಷಿ ಅದನ್ನು ಬರವಣಿಗೆಯ ಕನ್ನಡಕ್ಕೆ ತಿರುಗಿಸಿ ರಾಶಿಗೆ ಸೇರಿಸಿದಳು. ‘ನಿನ್ನ ಕೆಲಸ ನೀನು ನೋಡಿಕೋ ಹೋಗು. ನನ್ನ ತಲೆ ತಿನ್ನಬೇಡ.’ ನಗು ಅದರಲ್ಲಿ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ರಾಶಿಯನ್ನು ಕಟ್ಟಿಯವರಿಗೆ ಒಪ್ಪಿಸಿದಳು. ಅವರು ಯಾವುದನ್ನು ಇಟ್ಟುಕೊಂಡರು, ಯಾವುದನ್ನು ಬಿಟ್ಟರು ಎಂದು ಅವಳು ಕೇಳಲೂ ಇಲ್ಲ. ಆ ವಾರವೇ ಗದಗಿನಲ್ಲಿ ಅವ್ವ ಆಸ್ಪತ್ರೆ ಸೇರಿದ್ದಳು.

“ಹಗುರಾಗಿ ತಗೋಬ್ಯಾಡವಾ, ಬಂದುಬಿಡು,” ಎಂದು ಅಕ್ಕ ಫೋನ್ ಮಾಡಿದಳು. ಮುನ್ನುತ್ತರ ಹೊರಬರುವ ದಿನ ಹತ್ತಿರವಾಗಿತ್ತು. ನಾಳೆ ಬರತೀನಿ, ನಾಡದು ಬರತೀನಿ ಎಂದು ವಿಶಾಲಾಕ್ಷಿ ದೂಡುತ್ತ ಹೋದಳು. ಅವಳು ಗದಗಿಗೆ ಮುಟ್ಟಿದಾಗ ಅವ್ವನನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದಾಗಿತ್ತು.

ಅವ್ವನ ಉತ್ತರಕ್ರಿಯೆಗೆ ಮಾಡುವ ಶಿವಗಣಾರಾಧನೆಯ ದಿನ ಬಂಧುಬಳಗವೆಲ್ಲ ಪಡಸಾಲೆಯಲ್ಲಿ ಕೂತಿತ್ತು. ಅಕ್ಕ ಯಾರಿಗೋ ಹೇಳುವಂತೆ ಹೇಳಿದಳು, “ಅವ್ವ ಕಡೀತನಕಾ ಬಾಗಲಾ ನೋಡಿಕೋತ ಹೋದಳು. ಸಣ್ಣಾಕಿ ಬಂದಳೇನು, ಬಂದಳೇನು ಅಂತ.”

ನೊಂದ ಹೆಂಗಸಿನ ಮಾತು, ಕೇಳಿ ಅತ್ತಿದ್ದರೆ ಮುಗಿಯುತ್ತಿತ್ತು. ವಿಶಾಲಾಕ್ಷಿ ಅಳಲಿಲ್ಲ. ತಪ್ಪು ತನ್ನದು ಎಂದು ಒಳಗೆ ಗೊತ್ತಿದ್ದವರ ಬಾಯಿ ಎಷ್ಟು ಕೆಟ್ಟದಾಗುತ್ತದೆಯೋ ಅಷ್ಟು ಕೆಟ್ಟದಾಯಿತು. “ನಿನಗೇನು, ಮಕ್ಕಳಿಲ್ಲ ಮರಿಯಿಲ್ಲ. ಅವ್ವನ್ನ ಹಿಡಕೊಂಡು ಕುಂತಿ. ನನಗ ಸಂಸಾರ ಐತಿ.”

ಅಕ್ಕ ಸೆರಗು ಸರಿಮಾಡಿಕೊಂಡು ಬಡಿಸಲು ಎದ್ದಳು. ಮೊದಲ ದಿನಗಳಲ್ಲಿ ವಿಶಾಲಾಕ್ಷಿ ಫೋನ್ ಮಾಡಿದಳು, ಅಕ್ಕ ಎತ್ತಲಿಲ್ಲ. ಆಮೇಲೊಮ್ಮೆ ಅಕ್ಕ ಮಾಡಿದಳು, ಇವಳಿಗೆ ಎತ್ತುವ ಧೈರ್ಯ ಬರಲಿಲ್ಲ. ಅಲ್ಲಿಂದ ಫೋನ್ ಬಿಟ್ಟೇಹೋಯಿತು.

ಇತ್ತ ಮುನ್ನುತ್ತರ ಕಂಡಕಂಡವರ ಕಂಪ್ಯೂಟರಿನಲ್ಲಿ ಕೂತಿತು. ಮೊದಮೊದಲು ಎಲ್ಲರಿಗೂ ಹಬ್ಬ. ಸಾಹೇಬರ ಸಿಟ್ಟನ್ನು ಮೊದಲೇ ನೋಡಿ ಗುಮಾಸ್ತರು ಮಾತು ತಿದ್ದಿಕೊಂಡರು. ಬೀಗರ ಬಿಗುಮಾನ ಮೊದಲೇ ಕಂಡು ಹೆಣ್ಣಿನ ಕಡೆಯವರು ಹುಷಾರಾದರು. ಊಹೆ ಬಹಳ ಸಲ ಸರಿಹೋಗುತ್ತಿತ್ತು, ಸಭೆಗಳಲ್ಲಿ ವಿಶಾಲಾಕ್ಷಿ ಅದನ್ನು ಸಾರಿ ಸಾರಿ ಹೇಳುತ್ತಿದ್ದಳು. ಹೇಳಿ ಹೇಳಿ ತಾನೇ ನಂಬಿದ್ದಳು.

ಆಮೇಲೆ ಊರು ನಿಧಾನವಾಗಿ ಮೌನವಾಗುತ್ತ ಬಂತು. ಉತ್ತರ ಗೊತ್ತಿದ್ದ ಮೇಲೆ ಕಳಿಸುವುದು ಯಾಕೆ? ಗೋದಾಮಿನ ಕೆಳಗಿನ ವಿಮಾ ಆಫೀಸಿನ ಗುಮಾಸ್ತರೊಬ್ಬರು ಮಗಳ ಸೀಮಂತಕ್ಕೆ ರಜೆಯನ್ನೇ ಕೇಳಲಿಲ್ಲ, ಕಿಟಕಿಯಲ್ಲಿ ಸಾಹೇಬರು ಆಗಲೇ ಇಲ್ಲ ಎಂದಿದ್ದರಂತೆ. ಹಳೆಯ ಗೆಳೆಯರು ಕಿಟಕಿಯಲ್ಲೇ ಜಗಳ ಆಡಿ, ಕಿಟಕಿಯಲ್ಲೇ ಮುನಿದು ಸುಮ್ಮನಾದರು. ಎದುರಿನವನಿಗೆ ಜಗಳ ನಡೆದದ್ದೇ ಗೊತ್ತಿರುತ್ತಿರಲಿಲ್ಲ. ಮನುಷ್ಯ ಒಮ್ಮೊಮ್ಮೆ ತನ್ನ ಧಾಟಿ ಬಿಟ್ಟು ಬೇರೆ ಮಾತಾಡುತ್ತಾನೆ, ಕರಗದ ಜಾಗದಲ್ಲಿ ಕರಗುತ್ತಾನೆ. ಹಾಗೆ ಕರಗಲು ಅವನಿಗೆ ಒಂದು ಕಾಗದ ಹೋಗಬೇಕು. ಹೋಗುವುದೇ ನಿಂತರೆ ಏನು ಮಾಡಿಯಾನು?

ಒಂದು ಭಾನುವಾರ ಬೆಳಿಗ್ಗೆ ವಿಶಾಲಾಕ್ಷಿ ಲ್ಯಾಪ್‌ಟಾಪ್ ತೆಗೆದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಅಕ್ಕನ ಆಫೀಸಿನ ವಿಳಾಸ ಹಾಕಿದಳು. ಮೊಳೆತ ಜೋಳದ ಫೋಟೋ ಕಳಿಸಲು ಅಕ್ಕ ಎಂದೋ ಒಂದೆರಡು ಸಲ ಅಲ್ಲಿಂದ ಮೇಲ್ ಮಾಡಿದ್ದಳು. ಫೋನಿನಲ್ಲಿ ಮಾತು ಗಂಟಲಲ್ಲಿ ಸಿಕ್ಕಿಕೊಂಡೀತು, ಬರೆದರೆ ಪೂರ್ತಿ ಹೇಳಬಹುದು ಎಂದು ಅವಳ ಆಸೆ.

‘ಅಕ್ಕಾ, ಆ ದಿನ ನಾನು ಅಂದದ್ದು ಬಾಯಿಂದ ಬಂದದ್ದಲ್ಲ, ಯಾವುದೋ ಕೆಟ್ಟ ಗಳಿಗೆಯಿಂದ ಬಂದದ್ದು. ನಿನಗೆ ಮಕ್ಕಳಿಲ್ಲ ಎಂದೆ. ನಾನು ಯಾರು ಹಾಗಾದರೆ? ನನ್ನನ್ನು ಕ್ಷಮಿಸು...’

ಇನ್ನೂ ಬರೆಯುವುದಿತ್ತು. ಬಲಗಡೆ ತಾನೇ ಬಣ್ಣ ಹಚ್ಚಿದ ಕಿಟಕಿ ತೆರೆದುಕೊಂಡಿತು. ಅದರಲ್ಲಿ ದುಂಡು ಅಕ್ಷರಗಳಲ್ಲಿ ಉತ್ತರ ಬಂತು.

‘ನಿನ್ನ ಕೆಲಸ ನೀನು ನೋಡಿಕೋ ಹೋಗು. ನನ್ನ ತಲೆ ತಿನ್ನಬೇಡ.’

ವಿಶಾಲಾಕ್ಷಿಯ ಕೈ ಹಾಗೇ ನಿಂತಿತು. ಇದು ಅಕ್ಕನದೇ ಮಾತು. ಯಂತ್ರಕ್ಕೆ ಬೇರೆ ಎಲ್ಲಿಂದ ಬಂದೀತು? ಎರಡು ವರ್ಷದ ಹಿಂದೆ ಅವಸರದಲ್ಲಿ ಬರೆದ ರಾಶಿ ಅವಳಿಗೆ ನೆನಪಾಗಲಿಲ್ಲ. ತನ್ನ ಕೈಯಡುಗೆಯನ್ನೇ ಬೇರೆಯವರ ಮನೆಯದೆಂದು ಉಂಡಂತಾಯಿತು. ಅವಳು ಅಳಿಸಿ ಬೇರೆ ರೀತಿಯಲ್ಲಿ ಬರೆದಳು. ಅದೇ ಉತ್ತರ. ಕಾಲಿಗೆ ಬೀಳುವ ಹಾಗೆ ಬರೆದಳು. ಅದೇ ಉತ್ತರ. ಅಕ್ಷರವೂ ಬದಲಾಗಲಿಲ್ಲ. ಬದಲಾಗದ್ದನ್ನು ನೋಡಿ ಅವಳಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಅಕ್ಕ ಮೊದಲಿನಿಂದಲೂ ಹಟಮಾರಿ ಎಂದುಕೊಂಡಳು.

ಗಂಡ ಶಿವಯೋಗಿ ಚಹಾಕ್ಕೆಂದು ಒಳಗೆ ಬಂದವನು ಪರದೆ ನೋಡಿದ. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವವನು, ಇಂಥ ಕಿಟಕಿಗಳ ಗೊಡವೆ ಅವನಿಗಿರಲಿಲ್ಲ.

“ಕಳಸು. ಬಂದದ್ದು ಬರ್ಲಿ.”

“ಏನ ಬರತೈತಿ ಅಂತ ಇಲ್ಲೇ ಕಾಣಾಕತ್ತೈತಲ್ರಿ. ಕಳಿಸಿ ಮತ್ತೊಮ್ಮೆ ಬೈಸ್ಕೊಳ್ಳೇನು?”

“ಬೈದರ ಬೈದಾಳು. ನಿಮ್ಮಕ್ಕ ಬೈಲಿಕ್ಕರೆ ಬಾಯಿ ತಗೀಲಿ.”

ಅವನು ಹೇಳಿದ್ದು ಸರಿ ಇತ್ತು. ಆದರೆ ಸರಿ ಇದ್ದದ್ದನ್ನು ಕೇಳುವ ಮನಸ್ಸು ಬೇಕಲ್ಲ. ಮೇಲನ್ನು ಅರ್ಧಕ್ಕೆ ಬಿಟ್ಟು ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಮುಂದಿನ ಯುಗಾದಿಗೆ ಒಮ್ಮೆ ತೆರೆದಳು, ಕಿಟಕಿ ಅದೇ ಹೇಳಿತು. ದೀಪಾವಳಿಗೂ ಅದೇ. ಕೊನೆಗೆ ತೆರೆಯುವುದನ್ನೇ ಬಿಟ್ಟಳು.

ಗದಗಿನಿಂದ ಫೋನ್ ಬಂದಾಗ ಅವಳು ಆಫೀಸಿನಲ್ಲಿ ಮುಚ್ಚುವ ಗುರುತಿನ ಬಣ್ಣದ ಬಗ್ಗೆ ವಾದ ಮಾಡುತ್ತಿದ್ದಳು. ಫೋನಿನಲ್ಲಿದ್ದವರು ಅಕ್ಕನ ಜೊತೆ ಕೆಲಸ ಮಾಡುವ ಕಸ್ತೂರಿ ಅಂಗಡಿ. ನೀಲಗಂಗಾ ಬೀಜದ ಸುರುಳಿ ಬಿಚ್ಚುತ್ತ ಬಿಚ್ಚುತ್ತ ಕುರ್ಚಿಯಿಂದ ಕೆಳಗೆ ಬಿದ್ದರಂತೆ. ಆಸ್ಪತ್ರೆಗೆ ಒಯ್ಯುವ ಮೊದಲೇ ಎಲ್ಲ ಮುಗಿದಿತ್ತಂತೆ.

ಈ ಸಲ ಅವಳು ತಡಮಾಡಲಿಲ್ಲ. ತಡಮಾಡದೆ ಹೋಗಿ ಏನು ಸಿಕ್ಕಿತು? ಅವ್ವನನ್ನು ಕೂರಿಸಿದ್ದ ಗೋಡೆಗೇ ಅಕ್ಕನನ್ನೂ ಕೂರಿಸಿದ್ದರು. ವಿಶಾಲಾಕ್ಷಿ ಅವಳ ಮೊಣಕಾಲು ಹಿಡಿದುಕೊಂಡು “ಬೈ ಅಕ್ಕಾ, ಒಮ್ಮೆ ಬೈ,” ಎಂದು ಅತ್ತಳು. ಶಿವಯೋಗಿ ಅವಳನ್ನು ಎಬ್ಬಿಸಲು ಹೋಗಿ ತಾನೂ ಕೂತು ಅತ್ತ.

ಮಣ್ಣು ಕೊಟ್ಟು ಬಂದ ಮೇಲೆ, ಮಂದಿ ಕರಗಿದ ಪಡಸಾಲೆಯಲ್ಲಿ ಕಸ್ತೂರಿ ಅವಳ ಎದುರು ಬಂದು ಕೂತರು. ಅವರ ಮುಖ ಬಿಗಿದಿತ್ತು.

“ಹೇಳಬಾರದು, ಆದ್ರೂ ಹೇಳತೀನ್ರಿ. ನೀವು ಹಂಗ ಅನಬಾರದಿತ್ತು ನಿಮ್ಮಕ್ಕಗ.”

“ಅಂದದ್ದು ಖರೇನ್ರಿ. ಅವ್ವನ ಕಾರ್ಯದ ದಿನ ಮಂದಿ ಮುಂದ...”

“ಅದಲ್ರಿ, ಅದನ್ನ ಆಕಿ ಎಂದೋ ಮರತಿದ್ಲು. ‘ಹುಚ್ಚಿ, ಅವ್ವ ಹೋದ ಸಂಕಟದಾಗ ಒದರ್ಯಾಳ’ ಅಂತಿದ್ಲು. ನಾ ಹೇಳೂದು ಈಮೇಲಿಂದು.”

“ಯಾವ ಈಮೇಲು?”

“ಹ್ವಾದ ವರ್ಷ ನನ್ನ ಕರದು ತೋರಿಸಿದ್ಲು. ‘ನೋಡ ಕಸ್ತೂರಿ, ಈ ಕಿಟಕಿ ನನ್ನ ತಂಗಿ ಮಾಡಿದ್ದು, ಎಷ್ಟ ಚಂದ ಮಾಡ್ಯಾಳ’ ಅಂತ. ನಮ್ಮ ಆಫೀಸಿನ ಎಲ್ಲಾ ಕಂಪ್ಯೂಟರಿಗೂ ಆಕೀನ ಹಾಕಿಸಿದ್ಲ್ರಿ, ಸಾಹೇಬರ ಹಿಂದ ಬಿದ್ದು. ಮೊದಲನೇದು ನಿಮಗ ಬರಿಯಾಕ ಕುಂತ್ಲು. ‘ಅವ್ವ ಬಾಗಲಾ ನೋಡಿದ್ಲು ಅಂತ ಮಂದ್ಯಾಗ ಅನಬಾರದಿತ್ತು, ತಪ್ಪಾತವಾ, ಹೊಟ್ಟ್ಯಾಗ ಹಾಕ್ಕೋ, ಬಾ ಒಮ್ಮೆ’ ಅಂತ. ಬರದು ಮುಗಸೂದ್ರಾಗ ಬಾಜೂಕ ನಿಮ್ಮ ಉತ್ತರ ಬಂತು.”

ಶಿವಯೋಗಿ ಕೇಳಿದ, “ಏನಂತ ಬಂತ್ರಿ?”

“ನನಗ ಬಾಯಿಪಾಠ ಆಗೈತ್ರಿ. ‘ನಿನ್ನ ಕೆಲಸ ನೀನು ನೋಡಿಕೋ ಹೋಗು. ನನ್ನ ತಲೆ ತಿನ್ನಬೇಡ.’ ಅದನ್ನ ಓದಿ ನಕ್ಕಳು ನಿಮ್ಮಕ್ಕ. ‘ನನ್ನ ಮಾತ ನನಗ ತಿರಗಿಸಿ ಒಗದಾಳ ನೋಡು’ ಅಂದ್ಲು. ಆಮ್ಯಾಲ ಕನ್ನಡಕಾ ತಗದು ಒರಸ್ಕೊಂಡ್ಲು. ಒರಸ್ಕೋತನ ಕುಂತಿದ್ಲು. ಆ ಮೇಲ್ ಕಳಸಲಿಲ್ಲ.”

ಒಂದೇ ಮಾತು ಇಬ್ಬರಿಗೂ ಬಂದಿತ್ತು. ಅಕ್ಷರ ಅಕ್ಷರವೂ ಅದೇ. ಯಂತ್ರ ಅಕ್ಕನ ಮನಸ್ಸನ್ನು ಓದಿರಲಿಲ್ಲ, ತಂಗಿಯ ಮನಸ್ಸನ್ನೂ ಓದಿರಲಿಲ್ಲ. ಓದಲು ಇಬ್ಬರ ಮಧ್ಯೆ ಆ ಒಂದೆರಡು ಫೋಟೋ ಬಿಟ್ಟರೆ ಮೇಲ್‌ಗಳೇ ಇರಲಿಲ್ಲ. ಇದ್ದದ್ದೆಲ್ಲ ಫೋನಿನಲ್ಲಿ ಆಡಿದ ಮಾತು, ಅದು ಗಾಳಿಗೆ ಹೋಗಿತ್ತು. ಕ್ಷಮೆ ಕೇಳುವ ಮೇಲ್, ಕಲಿಯಲು ಏನೂ ಇಲ್ಲ, ಹಾಗಾದರೆ ಬಿರುಸಿನ ಮಾದರಿ. ಕಿಟಕಿ ಖಾಲಿ ಬಿಡಬಾರದು ಎಂದವರು ಯಾರು? ಅದರೊಳಗೆ ಈ ಮಾತನ್ನು ಇಟ್ಟವರು ಯಾರು? ವಿಶಾಲಾಕ್ಷಿ ಕೂತಲ್ಲೇ ಹಣೆ ಹಣೆ ಬಡಿದುಕೊಂಡಳು. ಕಸ್ತೂರಿ ಗಾಬರಿಯಾಗಿ ಅವಳ ಕೈ ಹಿಡಿದರು, ಅವರಿಗೆ ಏನೂ ತಿಳಿಯಲಿಲ್ಲ.

“ಅದು ನಾ ಅಂದಿದ್ದಲ್ರಿ,” ಎಂದಳು ವಿಶಾಲಾಕ್ಷಿ. “ಆಕೀನೂ ಅಂದಿದ್ದಲ್ಲ. ಯಾರೂ ಅಂದಿಲ್ಲ ಅದನ್ನ.”

ಹುಬ್ಬಳ್ಳಿಗೆ ಮರಳಿದ ಮೇಲೆ ಅವಳು ಮೊದಲು ಮಾಡಿದ್ದು ಲ್ಯಾಪ್‌ಟಾಪ್ ತೆರೆದದ್ದು. ಅರ್ಧಕ್ಕೆ ಬಿಟ್ಟ ಮೇಲ್ ಹಾಗೇ ಇತ್ತು. ಪಕ್ಕದಲ್ಲಿ ಕಿಟಕಿಯೂ ಅದರ ಮಾತೂ ಹಾಗೇ ಇದ್ದವು. ‘ಇದು ಮಾದರಿ ಮಾತ್ರ’ ಎಂಬ ಸಾಲು ಎಲ್ಲಿ? ಅವಳೇ ಬರೆದು, ಅಂದ ಕೆಡದಿರಲಿ ಎಂದು ತಿಳಿ ಬೂದು ಬಣ್ಣ ಹಚ್ಚಿ, ತಳದಲ್ಲಿ ಇಟ್ಟಿದ್ದಳು. ಹೂಗಾರರ ಮನೆತನದಲ್ಲಿ ಎಲ್ಲರಿಗೂ ಕಣ್ಣು ಬೇಗ ಮಂದ. ಅಕ್ಕನೂ ತಂಗಿಯೂ ಪರದೆಯ ಅಕ್ಷರವನ್ನು ದೊಡ್ಡದು ಮಾಡಿಕೊಂಡೇ ಓದುವವರು. ವಿಶಾಲಾಕ್ಷಿ ಅಕ್ಷರವನ್ನು ಮೊದಲಿನ ಅಳತೆಗೆ ಇಳಿಸಿದಳು. ಮಾತು ಮೇಲೆ ಸರಿಯಿತು, ಅಡಿಯಲ್ಲಿ ಅಡಗಿದ್ದ ಸಾಲು ತಲೆ ಎತ್ತಿತು. ಅವಳ ಎಳೆಯ ಬೂದು ಬಣ್ಣ ಬಹಳ ಚೆನ್ನಾಗಿಯೇ ಇತ್ತು.

ಆಫೀಸಿಗೆ ಹೋಗಿ ಅವಳು ಕಟ್ಟಿಯವರ ಎದುರು ನಿಂತಳು. ನಡೆದದ್ದನ್ನು ಹೇಳಿದಳು. ಹೇಳುವಾಗ ಅಳಲಿಲ್ಲ.

ಕಟ್ಟಿಯವರು ಎದ್ದು ಅವಳಿಗೆ ಕುರ್ಚಿ ಸರಿಸಿಕೊಟ್ಟರು. ಕೆಟ್ಟ ಮನುಷ್ಯರಲ್ಲ ಅವರು. “ಭಾಳ ಕೆಟ್ಟಾತವಾ,” ಎಂದರು. ಆಮೇಲೆ ವ್ಯಾಪಾರ ನೆನಪಾಯಿತು. “ಆದ್ರ ಖಾಲಿ ಬಿಟ್ರ ಮಂದಿ ಮುಚ್ಚತಾರ ಅಂತ ನೀನ ಹೇಳಿದ್ದಿಯಲ್ಲ.”

“ಮುಚ್ಚಲಿ ಸರ್. ಮುಚ್ಚಿ ಕಾಗದ ಕಳಸಲಿ.”

ಅವರು ಕೈಯಿಂದಲೇ ಹೋಗು ಮಾಡು ಎಂದರು.

ಇರ್ಫಾನ್ ತನ್ನ ಕಂಪ್ಯೂಟರಿನಲ್ಲಿ ಮಾದರಿಗಳ ಕಡತ ತೆರೆದು, ಕುರ್ಚಿಯನ್ನು ಅವಳಿಗೆ ಬಿಟ್ಟುಕೊಟ್ಟು ಬದಿಗೆ ನಿಂತ. ನಾನು ಅವತ್ತೇ ಹೇಳಿದ್ದೆ ಎಂದು ಅನ್ನುವ ಹಕ್ಕು ಅವನಿಗಿತ್ತು. ಅವನು ಅನ್ನಲಿಲ್ಲ. ವಿಶಾಲಾಕ್ಷಿ ಒಂದೊಂದೇ ಮಾದರಿಯನ್ನು ಅಳಿಸುತ್ತ ಬಂದಳು. ಮೆತ್ತನೆಯವು ಹೋದವು, ಸಾಧಾರಣದವು ಹೋದವು. ಬಿರುಸಿನವುಗಳಲ್ಲಿ ಕಟ್ಟಿಯವರು ಇಟ್ಟುಕೊಂಡಿದ್ದು ಒಂದೇ, ಅದು ಬಂದಾಗ ಬೆರಳು ನಿಂತಿತು.

ಇಷ್ಟು ದಿನ ತನ್ನನ್ನು ಹೆದರಿಸಿದ ಮಾತು. ಆದರೆ ಅಕ್ಕನ ಬಾಯಿಂದ ಬಂದ ಮಾತುಗಳಲ್ಲಿ ಬರವಣಿಗೆಯಾಗಿ ಉಳಿದದ್ದು ಜಗತ್ತಿನಲ್ಲಿ ಇದೊಂದೇ. ಅವಳು ತುಟಿ ಅಲುಗಿಸಿ ಅದನ್ನು ಅಕ್ಕ ಅನ್ನುತ್ತಿದ್ದ ಹಾಗೆ ಅಂದುಕೊಂಡಳು. ನಿನ್ನ ಕೆಲಸಾ ನೀ ನೋಡ್ಕೋ ಹೋಗ, ನನ್ನ ತಲಿ ತಿನಬ್ಯಾಡ. ಮೊದಲ ಸಲಕ್ಕೆ ಧಾಟಿ ಬರಲಿಲ್ಲ. ಎರಡನೆಯ ಸಲ ಬಂತು, ಕೊನೆಯ ನಗುವಿನ ಸಮೇತ. ಅವಳ ಬಾಯಲ್ಲಿ ನೀರು ಬಂತು, ಬೆಲ್ಲಕ್ಕೆ.

ಆಮೇಲೆ ಅಳಿಸಿದಳು.

“ಒಮ್ಮೆ ನೋಡಬೇಕಲ್ರಿ,” ಎಂದ ಇರ್ಫಾನ್ ಮೆಲ್ಲಗೆ. “ನಿಮಗ ಭಾಳ ಮೇಲ್ ಬರೀದೇ ಇದ್ದೋರದು ಯಾರದರೆ ವಿಳಾಸ ಹಾಕ್ರಿ.”

ಅವಳಿಗೆ ಗೊತ್ತಿದ್ದ ಅಂಥ ವಿಳಾಸ ಒಂದೇ. ಹೊಸ ಮೇಲ್ ತೆರೆದು ಅಕ್ಕನ ವಿಳಾಸ ಹಾಕಿದಳು. ‘ಅಕ್ಕಾ, ತಪ್ಪಾಯಿತು’ ಎಂದು ಬರೆದಳು. ಬಲಗಡೆ ಕಿಟಕಿ ತೆರೆಯಿತು, ಬೆಳ್ಳಗೆ ನಿಂತಿತು. ಅವಳು ಅದನ್ನೇ ನೋಡುತ್ತ ಕೂತಳು. ನೋಡಿದಷ್ಟೂ ಅದು ಬೆಳ್ಳಗೇ ಇತ್ತು.

“ಕೆಲಸ ಮಾಡಾಕತ್ತೈತೇನ್ರಿ ಅಕ್ಕಾರ?” ಎಂದು ಇರ್ಫಾನ್ ಕೇಳಿದ.

“ಹೂಂ,” ಎಂದಳು ವಿಶಾಲಾಕ್ಷಿ. “ಏನೂ ಕಾಣವಲ್ದು.”